ಒಳಗೇ ಉಳಿದ ತಂತಿ

ಈ ಬರಹದಲ್ಲಿ ಬರುವ ಸಮಯ, ಕೆಲಸದ ಕ್ರಮ, ಯಾರು ಯಾವಾಗ ಏನೆಂದರು ಎಂಬುದನ್ನೆಲ್ಲ ನನ್ನ ನೆನಪಿನಿಂದ ತೆಗೆದಿಲ್ಲ. ಬಾಪೂಜಿ ನಗರದಲ್ಲಿರುವ ಒಬ್ಬ ನಿವೃತ್ತ ಬಸ್ ಚಾಲಕರ ಲಾಗ್ ಪುಸ್ತಕದಿಂದ ತೆಗೆದಿದ್ದೇನೆ. ಅದರ ಆರು ಪುಟಗಳ ಫೋಟೊ ಮೊಬೈಲಿನಲ್ಲಿದೆ. ಬರೆಯುವಾಗ ಪಕ್ಕದಲ್ಲಿ ತೆರೆದಿಟ್ಟುಕೊಂಡಿದ್ದೇನೆ. ಸಿಟ್ಟು ಮಾತ್ರ ನನ್ನದು. ಅದನ್ನು ಯಾರೂ ಬರೆದಿಡಲಿಲ್ಲ, ಆದರೂ ಸರಿಯಾಗಿ ನೆನಪಿದೆ.

ನಾನು ಎಲೆಕ್ಟ್ರಾನಿಕ್ಸ್ ಎಂ.ಎಸ್ಸಿ. ಮಾಡಿದವನು. ಬಸವೇಶ್ವರನಗರದ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಜನರಿಗೆ ಕಂಪ್ಯೂಟರ್ ಜೋಡಿಸಿಕೊಡುತ್ತೇನೆ. ರೆಡಿ ತಗೊಳ್ಳೋದಾ, ಅಸೆಂಬಲ್ ಮಾಡಿಸೋದಾ ಎಂದು ವಾರಕ್ಕೆ ಇಬ್ಬರಾದರೂ ಕೇಳುತ್ತಾರೆ. ಅಸೆಂಬಲ್ ಎಂಬ ನನ್ನ ಉತ್ತರ ವರ್ಷಗಳಿಂದ ಬದಲಾಗಿರಲಿಲ್ಲ.

ಚಾಲಕರ ಮಗಳು ನಮ್ಮ ಕಡೆಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನರ್ಸ್. ಅಲ್ಲಿನ ಬಿಲ್ಲಿಂಗ್ ಕಂಪ್ಯೂಟರ್ ಕೆಟ್ಟಾಗ ನನ್ನನ್ನು ಕರೆಯುತ್ತಾರೆ, ಹಾಗೆ ಪರಿಚಯ. ಒಂದು ದಿನ ಗೇಮಿಂಗ್ ಕಂಪ್ಯೂಟರ್ ಬೇಕು ಎಂದಳು. ತಮ್ಮನಿಗಾ ಎಂದು ಕೇಳಿದೆ.

“ಅಪ್ಪಂಗೆ ಸರ್. ಅರವತ್ತೆರಡು ವರ್ಷ. ನಗಬೇಡಿ.”

ನಾನು ನಗಲಿಲ್ಲ ಎಂದುಕೊಂಡಿದ್ದೇನೆ.

ಅಪ್ಪ ಇಪ್ಪತ್ತೆರಡು ವರ್ಷ ಬೆಂಗಳೂರು–ಇಳಕಲ್ ಮಾರ್ಗದಲ್ಲಿ ಸರ್ಕಾರಿ ಬಸ್ಸು ಓಡಿಸಿದವರು. ಅವರ ಊರೂ ಇಳಕಲ್ ಕಡೆಯದೇ. ನಿವೃತ್ತಿಗೆ ಕೆಲವು ವರ್ಷ ಇರುವಾಗ ಎಡ ಮೊಣಕಾಲು ಕೆಟ್ಟು ಕ್ಲಚ್ ಒತ್ತಲಾಗದೆ ಹೋಯಿತು. ಅವರನ್ನು ಸ್ಟಿಯರಿಂಗಿನಿಂದ ಇಳಿಸಿ ಡಿಪೋ ಗೇಟಿನಲ್ಲಿ ಕೂರಿಸಿದರು. ಅಲ್ಲಿಂದ ಮನೆಯಲ್ಲಿ ಮಾತು ನಿಂತಿತು ಎಂದಳು ಮಗಳು. ಆಮೇಲೆ ಯಾರೋ ತೋರಿಸಿದ್ದು ಬಸ್ ಓಡಿಸುವ ಒಂದು ಕಂಪ್ಯೂಟರ್ ಆಟ. ಅದರಲ್ಲಿ ನಮಗೆ ಬೇಕಾದ ರಸ್ತೆಯನ್ನು ನಾವೇ ಕಟ್ಟಿಕೊಳ್ಳಬಹುದು. ಅವರು ಮೂರು ವರ್ಷದಿಂದ ಕಟ್ಟುತ್ತಿದ್ದದ್ದು ನಾಲ್ಕು ಪಥ ಆಗುವುದಕ್ಕೆ ಮೊದಲಿನ ಇಳಕಲ್ ರಸ್ತೆ. ಈಗ ಆ ರಸ್ತೆ ನೆಲದ ಮೇಲಿಲ್ಲ. ತಿರುವುಗಳು, ಹಂಪುಗಳು, ರೈಲ್ವೆ ಗೇಟು, ಊಟಕ್ಕೆ ನಿಲ್ಲಿಸುತ್ತಿದ್ದ ಹೋಟೆಲಿನ ಮುಂದಿನ ಬೇವಿನ ಮರ, ಎಲ್ಲವನ್ನೂ ಒಂದೊಂದಾಗಿ ಕೂರಿಸಿದ್ದರು. ಭಾನುವಾರಗಳಂದು ಹಳೆಯ ಕಂಡಕ್ಟರುಗಳು ಬಂದು ಬೆನ್ನ ಹಿಂದೆ ಕೂತು ತಿದ್ದುಪಡಿ ಹೇಳುತ್ತಿದ್ದರಂತೆ. ರಸ್ತೆ ಬೆಳೆದಂತೆ ಹಳೆಯ ಕಂಪ್ಯೂಟರಿಗೆ ಹೊರಲಾಗದೆ ಚಿತ್ರದುರ್ಗ ದಾಟುವಷ್ಟರಲ್ಲಿ ಪರದೆ ಸ್ತಬ್ಧವಾಗುತ್ತಿತ್ತು. ಆ ಮೂರು ವರ್ಷದ ಕೆಲಸ ಇದ್ದದ್ದು ಒಂದೇ ಒಂದು ಹಳೆಯ ಹಾರ್ಡ್ ಡಿಸ್ಕಿನಲ್ಲಿ. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಮಗಳಿಗೆ ರೆಡಿ ಯಂತ್ರ ಬೇಕಿತ್ತು. ರಾಜಾಜಿನಗರದ ಒಂದು ದೊಡ್ಡ ಮಳಿಗೆಯಲ್ಲಿ ನೋಡಿಟ್ಟಿದ್ದಳು. ಮೂವರೂ ಹೋದೆವು. ಗಾಜಿನ ಬದಿಯ ಪೆಟ್ಟಿಗೆ, ಒಳಗೆ ಮದುವೆ ಮನೆಯ ಸೀರಿಯಲ್ ಸೆಟ್ಟಿನಂತೆ ಬಣ್ಣ ಬದಲಿಸುವ ಫ್ಯಾನುಗಳು. ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವ ಪವರ್ ಸಪ್ಲೈ ಯಾವುದು ಎಂದು ಮಾರಾಟದವನನ್ನು ಕೇಳಿದೆ. ಬ್ರ್ಯಾಂಡೆಡ್ ಸಾರ್ ಎಂದ. ಯಾವ ಬ್ರ್ಯಾಂಡು ಎಂದೆ. ಒಳ್ಳೇ ಬ್ರ್ಯಾಂಡು ಎಂದ. ತೆಗೆದು ತೋರಿಸಿ ಎಂದರೆ, ಸೀಲ್ ಒಡೆದರೆ ವಾರಂಟಿ ಹೋಗುತ್ತದೆ ಎಂದ. ಗಾಜಿನಿಂದ ಇಣುಕಿದಷ್ಟಕ್ಕೇ ನನಗೆ ಸಾಕಾಯಿತು. ಎರಡು ಮೆಮೊರಿ ಹಾಕುವ ಕಡೆ ಒಂದೇ ಹಾಕಿದ್ದರು. ಮದರ್‌ಬೋರ್ಡು ಅದೇ ಕಂಪನಿಯ ವಿಚಿತ್ರ ಆಕಾರದ್ದು, ನಾಳೆ ಕೆಟ್ಟರೆ ಹೊರಗಿನದು ಅದರಲ್ಲಿ ಕೂರುವುದಿಲ್ಲ. ದುಡ್ಡೆಲ್ಲ ಗಾಜಿಗೆ, ದೀಪಕ್ಕೆ ಹೋಗಿತ್ತು. ನಾನು ಅಲ್ಲೇ ನಿಂತು ಇದನ್ನೆಲ್ಲ ಗಟ್ಟಿಯಾಗಿ ಹೇಳಿದೆ. ಪಕ್ಕದ ಗಿರಾಕಿಗಳು ತಿರುಗಿ ನೋಡಿದರು. ಕಾಣದ ವಸ್ತುವನ್ನು ನಂಬು ಎನ್ನುವವರ ಮೇಲೆ ನನಗೆ ಬರುವ ಸಿಟ್ಟು ಕಾಲೇಜು ದಿನಗಳಿಂದಲೂ ಇದೆ. ತೋರಿಸಿ ಎಂದಾಗ ತೋರಿಸದಿದ್ದರೆ ಏನೋ ಮುಚ್ಚುತ್ತಿದ್ದಾರೆಂದೇ ನಾನು ತಿಳಿಯುವುದು.

ಹೊರಗೆ ಬಂದ ಮೇಲೆ ಮಗಳು ಶಾಂತವಾಗಿಯೇ ಹೇಳಿದಳು. “ನೀವು ಹೇಳಿದ್ದೆಲ್ಲ ಸರಿ ಇರ್ಬೋದು ಸರ್. ಆದ್ರೆ ನಂಗೆ ಡ್ಯೂಟಿ ಇರುತ್ತೆ. ಕೆಟ್ಟೋದ್ರೆ ಒಂದೇ ಒಂದು ನಂಬರಿಗೆ ಫೋನ್ ಮಾಡೋ ಹಾಗಿರ್ಬೇಕು. ಅಸೆಂಬಲ್ ಅಂದ್ರೆ ಪವರ್‌ನವನು ಬೋರ್ಡ್‌ನವನ ಮೇಲೆ ಹೇಳ್ತಾನೆ, ಬೋರ್ಡ್‌ನವನು ಇನ್ಯಾರ ಮೇಲೋ ಹೇಳ್ತಾನೆ. ಯಾರನ್ನ ಕೇಳ್ಲಿ ನಾನು?”

“ನನ್ನನ್ನ ಕೇಳಿ. ಏನೇ ಆದ್ರೂ ನಂದೇ ಜವಾಬ್ದಾರಿ.”

ಇದು ನಾನು ಹೇಳಿದ ಮಾತು. ಲಾಗಿನ ಮೊದಲ ಪುಟದ ಮೊದಲ ಸಾಲು ಇದೇ. ಚಾಲಕರು ಅಲ್ಲೇ ಬಸ್ ಸ್ಟಾಪಿನಲ್ಲಿ ನಿಂತು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡಿದ್ದರು.

ಡಿಪೋದಲ್ಲಿ ಹೀಗೊಂದು ಪದ್ಧತಿಯಂತೆ. ಡ್ಯೂಟಿ ಮುಗಿಸಿದ ಚಾಲಕ ಬಸ್ಸಿನ ದೋಷಗಳನ್ನು ಲಾಗಿನಲ್ಲಿ ಬರೆಯಬೇಕು. ಬ್ರೇಕ್ ಸಡಿಲ, ಎಡಗಡೆ ದೀಪ ಇಲ್ಲ, ಹೀಗೆ. ಮೆಕ್ಯಾನಿಕ್ ಅದರ ಎದುರಿಗೆ ಸಹಿ ಹಾಕಬೇಕು. ಬರೆಯದಿದ್ದರೆ ದೋಷವೇ ಇರಲಿಲ್ಲ ಎಂದು ಲೆಕ್ಕ. ಅಪಘಾತವಾದರೆ ಬರೆಯದ ಚಾಲಕನದೇ ತಪ್ಪು. ಇಪ್ಪತ್ತೆರಡು ವರ್ಷ ಹೀಗೆ ಬರೆದ ಕೈ ನಿವೃತ್ತಿಯಾದ ಮೇಲೂ ನಿಂತಿರಲಿಲ್ಲ. ಗ್ಯಾಸ್ ಸಿಲಿಂಡರ್ ಬದಲಿಸಿದ್ದು, ನಲ್ಲಿ ಸೋರಿದ್ದು, ಎಲ್ಲಕ್ಕೂ ಒಂದೊಂದು ಸಾಲು. ಸಮಯ, ವಿವರ, ದೋಷ, ಸಹಿ ಎಂದು ಅಡಿಪಟ್ಟಿ ಹಿಡಿದು ಹಾಕಿದ ನಾಲ್ಕು ಅಂಕಣ. ನನಗೆ ಇದು ತಮಾಷೆಯಾಗಿ ಕಂಡಿತು.

ಭಾಗಗಳನ್ನು ವಿಜಯನಗರದ ಒಬ್ಬ ವ್ಯಾಪಾರಿಯಿಂದ ತಂದೆ. ನನಗೆ ಹಳೆಯ ಪರಿಚಯ. ಮೆಮೊರಿಯ ಬೆಲೆ ಆ ದಿನಗಳಲ್ಲಿ ವಾರದಿಂದ ವಾರಕ್ಕೆ ಏರುತ್ತಿತ್ತು. ಬೇಕಿದ್ದುದರ ಅರ್ಧಕ್ಕೆ ಒಪ್ಪಿಕೊಂಡು, ಉಳಿದದ್ದಕ್ಕೆ ಜಾಗ ಬಿಟ್ಟೆ. ರೆಡಿ ಯಂತ್ರದಲ್ಲಿ ಹೀಗೆ ಮಾಡಲಾಗುತ್ತದೆಯೇ ಎಂದು ಮಗಳನ್ನು ಕೇಳಿದೆ.

ಜೋಡಣೆ ಅವರ ಮನೆಯಲ್ಲೇ, ಮೊದಲ ಮಹಡಿಯ ಪೋರ್ಷನ್ನಿನಲ್ಲಿ. ಮೊದಲು ಗೋಡೆಯ ಸಾಕೆಟ್ಟಿಗೆ ವೋಲ್ಟ್ ಅಳೆಯುವ ಮೀಟರ್ ಹಿಡಿದೆ. ಮೂರನೇ ತೂತಿಗೆ ಅರ್ತ್ ತಂತಿಯೇ ಇರಲಿಲ್ಲ, ಬಾಡಿಗೆ ಮನೆಗಳಲ್ಲಿ ಮಾಮೂಲು. ಮಾಲೀಕರನ್ನು ಕರೆಸಿ ಜಗಳವಾಡಿ ತಂತಿ ಎಳೆಸಿದೆ. ಆ ದಿನದ ಪುಟದಲ್ಲಿ ನನ್ನ ಬಗ್ಗೆ ಒಂದು ಹೊಗಳಿಕೆಯೂ ಇದೆ: ‘ಸರ್ ಪರೀಕ್ಷೆ ಮಾಡಿ ನೋಡುವ ಮನುಷ್ಯ.’ ಈಗ ಆ ಸಾಲು ಓದಿದರೆ ಮುಖ ಬಿಸಿಯಾಗುತ್ತದೆ.

ಯಂತ್ರ ಜೋಡಿಸಿದ್ದು ಒಂದೇ ಬೆಳಗ್ಗೆ. ಬೋರ್ಡು, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಕೂರಿಸಿ, ತಂತಿಗಳನ್ನೆಲ್ಲ ಪೆಟ್ಟಿಗೆಯ ಹಿಂಬದಿಗೆ ತಳ್ಳಿ ಪ್ಲಾಸ್ಟಿಕ್ ಪಟ್ಟಿಗಳಿಂದ ಜಡೆ ಹೆಣೆದಂತೆ ಬಿಗಿದೆ. ಇದರಲ್ಲಿ ನನಗೆ ಹೆಮ್ಮೆ ಇದೆ. ನನ್ನ ಪೆಟ್ಟಿಗೆಯ ಹಿಂಬದಿಯನ್ನು ಫೋಟೊ ತೆಗೆದು ಗಿರಾಕಿಗಳಿಗೆ ತೋರಿಸುತ್ತೇನೆ. ನಾನು ಸ್ವಿಚ್ ಒತ್ತಲು ಹೋದಾಗ ಚಾಲಕರು ಕೈ ಅಡ್ಡ ಹಿಡಿದರು.

“ತಡೀರಿ ಸರ. ರೈಟ್ ಅಂದಿಲ್ಲ ಯಾರೂ.”

ಕಂಡಕ್ಟರ್ ರೈಟ್ ಅನ್ನುವ ತನಕ ಗಾಡಿ ಬಿಡಬಾರದು, ಹಿಂದೆ ಏನಾಗುತ್ತಿದೆ ಎಂಬುದು ಚಾಲಕನಿಗೆ ಕಾಣುವುದಿಲ್ಲ ಎಂದು ವಿವರಿಸಿದರು. ನಾನು ನಕ್ಕು ಒತ್ತಿಬಿಟ್ಟೆ. ಯಂತ್ರ ಎದ್ದಿತು.

ಹಳೆಯ ಡಿಸ್ಕನ್ನು ಇದರೊಳಗೆ ಸಿಕ್ಕಿಸಿದೆ. ಇಲ್ಲಿ ಮೊದಲ ತಪ್ಪು ಆಯಿತು. ಪ್ರತಿ ತೆಗೆದ ನಂತರವೇ ಬೇರೆ ಕೆಲಸ ಎಂದು ಎಲ್ಲರಿಗೂ ಹೇಳುವವನು ನಾನು. ಆ ದಿನ ಪ್ರತಿ ತೆಗೆಯಲು ಒಂದೂವರೆ ತಾಸು ಎಂದು ಪರದೆ ತೋರಿಸಿತು. ಚಾಲಕರು ಆಗಲೇ ಆಟದ ಸ್ಟಿಯರಿಂಗ್ ಚಕ್ರವನ್ನು ಮೇಜಿಗೆ ಬಿಗಿದು ಕೂತಿದ್ದರು. ಆಮೇಲೆ ತೆಗೆದರಾಯಿತು ಎಂದು, ರಸ್ತೆಯ ಕಡತಗಳನ್ನು ಹಳೆಯ ಡಿಸ್ಕಿನಿಂದಲೇ ಓದುವಂತೆ ಹೊಂದಿಸಿದೆ.

ಆ ರಸ್ತೆಯನ್ನು ನಾನು ಮೊದಲ ಸಲ ನೋಡಿದ್ದು ಆಗ. ಗ್ರಾಫಿಕ್ಸ್ ಅಂಥದ್ದೇನಲ್ಲ. ಅಂಗಡಿಗಳೆಲ್ಲ ಒಂದೇ ಅಚ್ಚಿನವು. ಆದರೆ ಅವರು ಗೇರ್ ಬದಲಿಸುತ್ತಿದ್ದದ್ದು ಪರದೆಯಲ್ಲಿ ಏರು ಕಾಣಿಸುವುದಕ್ಕೆ ಮೊದಲೇ. ಸಿರಾ ದಾಟಿ, ಹಿರಿಯೂರು ಹತ್ತಿರ ಬರುತ್ತಿದ್ದಂತೆ ಯಂತ್ರ ಟಪ್ ಎಂದು ಆರಿತು. ಮತ್ತೆ ಎಬ್ಬಿಸಿದೆ. ಅದೇ ಜಾಗದ ಆಸುಪಾಸಿನಲ್ಲಿ ಮತ್ತೆ ಆರಿತು.

“ಇಲ್ಲಿ ಸ್ಟಾಪ್ ಇಲ್ರಿ ಸರ,” ಎಂದರು ಚಾಲಕರು. ಮಗಳು ಅಡುಗೆಮನೆಯಲ್ಲೇ ನಕ್ಕಳು.

ಮೆಮೊರಿ ತೆಗೆದು ಹಾಕಿ ನೋಡಿದೆ, ಒಂದೊಂದನ್ನೇ ಇಟ್ಟು ನೋಡಿದೆ. ಬಿಸಿ ಅಳೆದೆ. ಗ್ರಾಫಿಕ್ಸ್ ಕಾರ್ಡಿನ ಮೇಲೆ ಹೊರೆ ಬಿದ್ದಾಗಲೆಲ್ಲ ಆರುತ್ತಿತ್ತು, ಹೊರೆ ಇಲ್ಲದಿದ್ದರೆ ದಿನವಿಡೀ ಓಡುತ್ತಿತ್ತು. ಪವರ್ ಸಪ್ಲೈ ದೋಷ. ವ್ಯಾಪಾರಿ ಫೋನಿನಲ್ಲೇ ಒಪ್ಪಿದ. ಅದೇ ಮಾದರಿ ತನ್ನ ಬಳಿ ಇಲ್ಲ, ಅದೇ ಕಂಪನಿಯ ಇನ್ನೊಂದು ಮೇಲ್ದರ್ಜೆಯ ಮಾದರಿ ಕಳಿಸುತ್ತೇನೆ, ಹಳೆಯದನ್ನು ಡಬ್ಬದಲ್ಲಿ ಹಾಕಿ ಕೊಟ್ಟುಕಳಿಸಿ ಎಂದ. ಎರಡು ದಿನದ ನಂತರ ಹೊಸದು ಬಂತು.

ಆ ಬೆಳಗ್ಗೆಯ ಬಗ್ಗೆ ನನ್ನ ನೆನಪು ಹೀಗಿತ್ತು. ಹಳೆಯ ಪವರ್ ಸಪ್ಲೈ ಬಿಚ್ಚಿದೆ. ಕಳಚಿ ಹಾಕಬಹುದಾದ ಅದರ ನಾಲ್ಕು ತಂತಿಗಳನ್ನೂ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಡಬ್ಬದೊಳಗಿನ ಚೀಲಕ್ಕೆ ತುಂಬಿದೆ. ಮಗಳು ಕಾಫಿ ಕೊಟ್ಟಳು, ಲೋಟ ಮೇಜಿನ ಎಡಗಡೆ ಇತ್ತು. ಹೊಸದನ್ನು ಅದರ ಹೊಸ ತಂತಿಗಳೊಂದಿಗೆ ಕೂರಿಸಿದೆ. ಕೋರ್ಟಿನಲ್ಲಿ ಪ್ರಮಾಣ ಮಾಡಿಯೂ ಇದನ್ನೇ ಹೇಳುತ್ತಿದ್ದೆ.

ಸ್ವಿಚ್ ಒತ್ತಿದೆ. ಫ್ಯಾನುಗಳು ಒಂದು ಸಲ ಮಿಸುಕಿ ನಿಂತವು. ಸುಟ್ಟ ಪ್ಲಾಸ್ಟಿಕ್ಕಿನ ಸಣ್ಣ ವಾಸನೆ. ಒಂದೊಂದೇ ಭಾಗ ಕಳಚುತ್ತ ಹೋದೆ. ಹಳೆಯ ಡಿಸ್ಕನ್ನು ಬೇರೆ ಮಾಡಿದ ಕೂಡಲೇ ಯಂತ್ರ ಎದ್ದಿತು. ಸಿಕ್ಕಿಸಿದರೆ ಸತ್ತಿತು. ಡಿಸ್ಕನ್ನು ಮೂಗಿಗೆ ಹಿಡಿದುಕೊಂಡು ಚಾಲಕರನ್ನು ನೋಡಿದೆ. ಅವರು ಲಾಗಿನಲ್ಲಿ ಬರೆಯುತ್ತಿದ್ದರು.

“ಡಿಸ್ಕ್ ಹೋಗಿದೆ,” ಎಂದೆ. “ಅವನು ಎರಡನೇ ಸಲವೂ ಕೆಟ್ಟ ಪವರ್ ಸಪ್ಲೈ ಕೊಟ್ಟಿದ್ದಾನೆ. ಅದು ಸುಟ್ಟಿದೆ.”

“ರಸ್ತೆ?”

ನಾನು ಸ್ಕೂಟರಿನ ಕೀ ತೆಗೆದುಕೊಂಡೆ.

ಮೈಸೂರು ರಸ್ತೆ ದಾಟಿ ವಿಜಯನಗರ ತಲುಪುವಷ್ಟರಲ್ಲಿ ನನ್ನ ಮಾತುಗಳೆಲ್ಲ ಸಿದ್ಧವಾಗಿದ್ದವು. ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು, ಅವರಿಗೂ ಕೇಳುವಂತೆಯೇ ಕೂಗಿದೆ. ವಾಪಸು ಬಂದ ಮಾಲನ್ನೇ ಮತ್ತೆ ಡಬ್ಬಕ್ಕೆ ಹಾಕಿ ಕೊಡುತ್ತಾನೆ, ಒಬ್ಬ ವಯಸ್ಸಾದವರ ಮೂರು ವರ್ಷದ ಕೆಲಸ ಸುಟ್ಟಿದ್ದಾನೆ, ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ ಎಂದೆಲ್ಲ. ವ್ಯಾಪಾರಿ ಕೇಳಿಸಿಕೊಂಡ. ನಾನು ವಾಪಸು ಕಳಿಸಿದ್ದ ಡಬ್ಬವನ್ನು ಒಳಗಿನಿಂದ ತಂದು ಗಲ್ಲಾದ ಮೇಲಿಟ್ಟು ಮುಚ್ಚಳ ತೆಗೆದ.

“ಗುರೂ, ನಾನೇ ಫೋನ್ ಮಾಡೋಣ ಅಂತಿದ್ದೆ. ಒಂದು ಕೇಬಲ್ ಕಮ್ಮಿ ಇದೆ ಇದ್ರಲ್ಲಿ. ಡಿಸ್ಕಿಗೆ ಹೋಗೋದು.”

“ನಾಲ್ಕೂ ಹಾಕಿದೀನಿ. ನನ್ನ ಕೈಯಾರೆ.”

“ಮೂರಿದೆ. ನೀವೇ ನೋಡಿ.”

“ನಿಮ್ಮ ಅಂಗಡೀಲೇ ಯಾರೋ ತೆಗೆದಿರ್ತಾರೆ. ನಾನು ಎಂ.ಎಸ್ಸಿ. ಮಾಡಿರೋನು, ಲೆಕ್ಕ ಬರುತ್ತೆ ನಂಗೆ.”

“ಡಿಗ್ರಿ ಕೇಬಲ್ ಎಣಿಸಲ್ಲ ಅಣ್ಣ,” ಎಂದ ಅವನು. ದನಿ ಏರಿಸಲಿಲ್ಲ. “ಮನೆಗೆ ಹೋಗಿ ಪೆಟ್ಟಿಗೆ ಹಿಂದೆ ಒಂದ್ಸಲ ನೋಡಿ. ಇಲ್ಲ ಅಂದ್ರೆ ಬನ್ನಿ, ಡಿಸ್ಕಿನ ದುಡ್ಡು ನಾನೇ ಕೊಡ್ತೀನಿ.”

ಗಿರಾಕಿಗಳಲ್ಲೊಬ್ಬ ನಕ್ಕ. ಆ ನಗು ನನ್ನನ್ನು ಬಾಪೂಜಿ ನಗರದವರೆಗೂ ಅಟ್ಟಿಸಿಕೊಂಡು ಬಂತು.

ಮಗಳು ಆಗ ಡ್ಯೂಟಿ ಮುಗಿಸಿ ಬಂದಿದ್ದಳು. ವಿಷಯ ಅವಳಿಗೆ ಗೊತ್ತಾಗಿತ್ತು. ಚಪ್ಪಲಿ ಬಿಡುವುದಕ್ಕೂ ಅವಕಾಶ ಕೊಡಲಿಲ್ಲ.

“ಹೇಳಿ ಸರ್, ಈಗ ಯಾವ ನಂಬರಿಗೆ ಫೋನ್ ಮಾಡ್ಲಿ?”

ವ್ಯಾಪಾರಿಯೇ ಹೊಣೆ ಎಂದೆ. ತಂತಿಯನ್ನೂ ಕದ್ದು ನನ್ನ ಮೇಲೆ ಹೇಳುತ್ತಿದ್ದಾನೆ ಎಂದೆ. ನಾನು ನಾಲ್ಕು ತಂತಿ ತುಂಬಿದ್ದನ್ನು ನೀವೇ ನೋಡಿದ್ದೀರಿ, ಕಾಫಿ ಕೊಡುವಾಗ ಇಲ್ಲೇ ಇದ್ದಿರಲ್ಲ ಎಂದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ಇವತ್ತು ಬೆಳಗ್ಗೆ ಏಳಕ್ಕೇ ಡ್ಯೂಟಿಗೆ ಹೋಗಿದೀನಿ ಸರ್ ನಾನು.”

ಚಾಲಕರು ಪುಸ್ತಕ ತೆರೆದರು. ಯಾರೂ ಕೇಳಿರಲಿಲ್ಲ. ಕನ್ನಡಕ ಏರಿಸಿ, ಬೆರಳಿಟ್ಟು, ಪಂಚನಾಮೆ ಓದುವಂತೆ ಓದಿದರು.

“ಹತ್ತು ನಲವತ್ತು. ಹಳೇ ಪವರ್ ಡಬ್ಬಿ ಬಿಚ್ಚಿದ್ದು. ಮೂರು ತಂತಿ ಸುತ್ತಿ ಡಬ್ಬಕ್ಕೆ ಹಾಕಿದ್ದು. ಹತ್ತು ಐವತ್ತು. ಡಿಸ್ಕಿನ ತಂತಿ ಹಿಂದ ಬಿಗಿದೈತಿ, ಬಿಚ್ಚಿಲ್ಲ. ಸರ್ ಹೇಳಿಕೆ: ಅದೇ ಕಂಪನಿ, ಪಿನ್ನು ಹೊಂದತೈತಿ, ಇರಲಿ ಬಿಡಿ.”

ಕಾಫಿಯ ಸಾಲು ಎಲ್ಲೂ ಇರಲಿಲ್ಲ. ನಲ್ಲಿ ಸೋರಿದ್ದನ್ನೂ ಬರೆಯುವ ಮನುಷ್ಯ ಕಾಫಿ ಬಿಡುತ್ತಿರಲಿಲ್ಲ. ಆ ಲೋಟ, ಎಡಗಡೆ ಇಟ್ಟಿದ್ದು, ಮೊದಲ ದಿನದ್ದಿರಬೇಕು. ನಾಲ್ಕು ತಂತಿ ಸುತ್ತಿದ್ದು ಇನ್ಯಾವುದೋ ಮನೆಯ, ಇನ್ಯಾವುದೋ ಯಂತ್ರದ್ದಿರಬೇಕು. ನನ್ನ ತಲೆ ಎರಡನ್ನೂ ಹೊಲಿದು, ನನಗೆ ಅನುಕೂಲವಾದ ಒಂದು ಬೆಳಗ್ಗೆಯನ್ನು ಕೊಟ್ಟಿತ್ತು.

ತಂದೆ ಮಗಳಿಬ್ಬರಿಗೂ ಆ ಸಾಲಿನ ಅರ್ಥ ಗೊತ್ತಾಗಲಿಲ್ಲ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಅವರ ಪಾಲಿಗೆ ಅದು ವ್ಯಾಪಾರಿಯ ಒಂದು ತಂತಿ ಇಲ್ಲಿ ಉಳಿದಿದೆ ಎಂಬ ಸಣ್ಣ ವಿಷಯ. ಇದರಿಂದ ಡಿಸ್ಕು ಸುಟ್ಟಿತು ಎಂಬುದು ಆ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿದ್ದದ್ದು. ತಂತಿ ವಾಪಸು ಕೊಟ್ಟುಬರುತ್ತೇನೆ ಎಂದು ಜೇಬಿಗೆ ಹಾಕಿಕೊಂಡು ಹೊರಟಿದ್ದರೆ ಮುಗಿಯುತ್ತಿತ್ತು. ವ್ಯಾಪಾರಿಯ ಮೇಲೆ ಮಗಳು ಎಷ್ಟು ಸಿಟ್ಟಾಗಿದ್ದಳೆಂದರೆ ಅವನು ಏನು ಹೇಳಿದರೂ ನಂಬುತ್ತಿರಲಿಲ್ಲ. ಹಾಗೆ ಮಾಡುವ ಯೋಚನೆ ಬಂದದ್ದು ಮಾತ್ರ ಯಾವ ಲಾಗಿನಲ್ಲೂ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಿಂಬದಿಯ ತಗಡು ತೆಗೆದೆ. ನಾನು ಹೆಣೆದ ಜಡೆಯ ನಡುವೆ ಅದೊಂದು ತಂತಿ ಹಾಗೇ ಇತ್ತು. ಹೊಸ ಪವರ್ ಸಪ್ಲೈಗೆ ಹಳೆಯ ಮಾದರಿಯ ತಂತಿ. ಪ್ಲಾಸ್ಟಿಕ್ ತುದಿ ಎರಡರದ್ದೂ ಒಂದೇ ಆಕಾರ, ಸರಿಯಾಗಿ ಕೂರುತ್ತದೆ. ಒಳಗೆ ಯಾವ ಪಿನ್ನಿನಲ್ಲಿ ಯಾವ ವೋಲ್ಟ್ ಎಂಬುದು ಒಂದೇ ಕಂಪನಿಯಾದರೂ ಮಾದರಿಯಿಂದ ಮಾದರಿಗೆ ಬದಲಾಗಬಹುದು. ಇದು ನನಗೆ ಗೊತ್ತಿತ್ತು. ಬೇರೆಯವರಿಗೆ ಹೇಳಿಯೂ ಇದ್ದೇನೆ. ಜಡೆ ಬಿಚ್ಚಲು ಮನಸ್ಸು ಬರಲಿಲ್ಲ, ಅಷ್ಟೆ.

ಆದರೂ ಮೀಟರ್ ಹಿಡಿಯದೆ ಒಪ್ಪಲು ನಾನು ಸಿದ್ಧನಿರಲಿಲ್ಲ. ಪವರ್ ಸಪ್ಲೈಯನ್ನು ಬೋರ್ಡಿನಿಂದ ಬೇರೆ ಮಾಡಿ, ಒಂದು ಪೇಪರ್ ಕ್ಲಿಪ್ಪಿನಿಂದ ಎಬ್ಬಿಸಿ, ಆ ತಂತಿಯ ಖಾಲಿ ತುದಿಗೆ ಮೀಟರಿನ ಮೊನೆ ಇಟ್ಟೆ. ಐದು ವೋಲ್ಟ್ ಇರಬೇಕಾದ ಜಾಗದಲ್ಲಿ ಹನ್ನೆರಡು ತೋರಿಸಿತು. ಮತ್ತೊಮ್ಮೆ ಇಟ್ಟೆ. ಹನ್ನೆರಡೇ.

“ಏನದು?” ಎಂದಳು ಮಗಳು.

“ಡಿಸ್ಕ್ ಸುಟ್ಟಿದ್ದು ನಾನು,” ಎಂದೆ. “ವ್ಯಾಪಾರಿ ಅಲ್ಲ.”

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ. ಕುರ್ಚಿಯ ಮೇಲೆ ಕೂತು, ಮಳಿಗೆಯ ಆ ಹುಡುಗ ಕನಿಷ್ಠ ಏನೂ ಗೊತ್ತಿಲ್ಲದೆ ಸುಳ್ಳು ಹೇಳಿದ್ದ ಎಂದಳು.

ಡಿಸ್ಕನ್ನು ತಿರುಗಿಸಿ, ನಕ್ಷತ್ರಾಕಾರದ ತಿರುಪುಗಳನ್ನು ತೆಗೆದು ಹಸಿರು ಬೋರ್ಡನ್ನು ಎತ್ತಿದೆ. ಇಂಥ ಡಿಸ್ಕುಗಳಲ್ಲಿ ವಿದ್ಯುತ್ ಒಳಬರುವ ಬಾಗಿಲಲ್ಲಿ ಎರಡು ಸಣ್ಣ ಡಯೋಡುಗಳಿರುತ್ತವೆ, ಅತಿಯಾದ ವೋಲ್ಟ್ ಬಂದರೆ ಒಳಗಿನದನ್ನು ಉಳಿಸಲು ತಾವೇ ಸಾಯುವುದಕ್ಕೆ ಇಟ್ಟಂಥವು. ಮೀಟರ್ ಹಿಡಿದರೆ ಒಂದರ ಮೇಲೆ ಅದು ಕಿರುಗುಟ್ಟಿತು. ಸತ್ತಿದೆ. ಅದನ್ನು ಕಿತ್ತರೆ ಡಿಸ್ಕು ಏಳಬಹುದು. ಒಳಗೂ ಸುಟ್ಟಿದ್ದರೆ ಏಳುವುದಿಲ್ಲ. ನನ್ನ ಬೆಸುಗೆ ಕಡ್ಡಿ ಕೂದಲೆಳೆಯಷ್ಟು ಪಕ್ಕಕ್ಕೆ ಜಾರಿದರೂ ಮುಗಿಯಿತು.

ಇದನ್ನೆಲ್ಲ ಹೇಳಿ, ಎರಡು ದಾರಿ ಮುಂದಿಟ್ಟೆ. ಡೇಟಾ ತೆಗೆದುಕೊಡುವ ಕಂಪನಿಗಳಿವೆ, ರಸೀದಿ ಕೊಡುತ್ತಾರೆ, ವಾರಗಟ್ಟಲೆ ಹಿಡಿಯುತ್ತದೆ, ಖರ್ಚು ನಾನು ಕೊಡುತ್ತೇನೆ. ಇಲ್ಲವೇ ನಾನೇ ಕಿತ್ತು ನೋಡುತ್ತೇನೆ.

ಮಗಳು ಒಂದೇ ಉಸಿರಿಗೆ ಕಂಪನಿ ಎಂದಳು. ಚಾಲಕರು, ಕಂಪನಿಯವರು ಮಾಡುವುದೂ ಇದನ್ನೇ ಏನು ಎಂದು ಕೇಳಿದರು. ಮೊದಲು ಇದನ್ನೇ ಎಂದೆ. ನಿಜವನ್ನೇ ಹೇಳಿದೆ.

“ಹಂಗಾರ ಇಲ್ಲೇ ಮಾಡ್ರಿ. ಆದರ ಇವತ್ತಲ್ಲ. ಸಿಟ್ಟಿನ್ಯಾಗ ಇದ್ದವನ ಕೈಯಾಗ ಸ್ಟಿಯರಿಂಗ್ ಕೊಡಂಗಿಲ್ರಿ ನಾವು. ನಾಳೆ ಬರ್ರಿ. ನಾ ಕಂಡಕ್ಟರ್, ನೀವು ಡ್ರೈವರ್. ನಾ ರೈಟ್ ಅಂದ ಮ್ಯಾಲ ಕೈ ಆಡಸ್ರಿ.”

ಮಗಳು ಅಪ್ಪನನ್ನು ದಿಟ್ಟಿಸಿದಳು. ಆಮೇಲೆ ಎದ್ದು ಒಳಗೆ ಹೋದಳು. ಒಪ್ಪಿದ್ದಲ್ಲ, ಅಡ್ಡಿ ಮಾಡಲಿಲ್ಲ, ಅಷ್ಟೆ.

ಆ ಸಂಜೆ ವಿಜಯನಗರಕ್ಕೆ ಹೋಗಿ ತಂತಿಯನ್ನು ಗಲ್ಲಾದ ಮೇಲಿಟ್ಟೆ. ಮಧ್ಯಾಹ್ನ ಇದ್ದ ಗಿರಾಕಿಗಳು ಯಾರೂ ಇರಲಿಲ್ಲ. ಕೂಗಿದ್ದು ಐದು ಜನರ ಮುಂದೆ, ತಪ್ಪೊಪ್ಪಿಕೊಂಡದ್ದು ಒಬ್ಬನ ಮುಂದೆ. ವ್ಯಾಪಾರಿ ತಂತಿಯನ್ನು ಡಬ್ಬಕ್ಕೆ ಹಾಕಿ, ಈಗ ನಾಲ್ಕಾಯ್ತು ಎಂದ.

ಮರುದಿನ ಬೆಳಗ್ಗೆ ಕಿಟಕಿಯ ಬಳಿ ಮೇಜು ಎಳೆದುಕೊಂಡೆವು. ನಾನು ಮುಂದೆ ಮಾಡಲಿರುವುದನ್ನು ಗಟ್ಟಿಯಾಗಿ ಹೇಳಬೇಕು. ಚಾಲಕರು ಬರೆದು, ಓದಿ ಹೇಳಿ, ರೈಟ್ ಅನ್ನಬೇಕು. ಮೊದಲ ಸಾಲಿಗೇ ನನಗೆ ರೇಗಿತು. ಬೆಸುಗೆ ಕಡ್ಡಿ ಬಿಸಿಯಾಗಿದೆ, ಅವರು ಇನ್ನೂ ಅಕ್ಷರ ತಿದ್ದುತ್ತಿದ್ದಾರೆ. ಎಡಗಡೆ ಡಯೋಡು ಎಂದೆ. ಬೋರ್ಡು ಹೇಗೆ ಹಿಡಿದಾಗ ಎಡಗಡೆ ಎಂದು ಕೇಳಿದರು. ಇಂಥ ಪ್ರಶ್ನೆಗೆ ಬಯ್ಯಬೇಕೆಂದು ಬಾಯಿ ತೆರೆದವನು ನೋಡಿಕೊಂಡೆ: ಮೀಟರ್ ಹಿಡಿದ ನಂತರ ಬೋರ್ಡನ್ನು ತಿರುಗಿಸಿಟ್ಟಿದ್ದೆ. ಸತ್ತದ್ದು ಈಗ ಬಲಗಡೆ ಇತ್ತು. ಒಬ್ಬನೇ ಇದ್ದಿದ್ದರೆ ಬದುಕಿದ್ದ ಡಯೋಡನ್ನು ಕೀಳುತ್ತಿದ್ದೆ.

ಮತ್ತೆ ಮೀಟರ್ ಹಿಡಿದೆ. ಕಿರುಗುಟ್ಟಿದ್ದಕ್ಕೆ ಕೆಂಪು ಶಾಯಿಯ ಚುಕ್ಕೆ ಇಟ್ಟೆವು.

“ರೈಟ್,” ಎಂದರು.

ಡಯೋಡು ಎಳ್ಳಿನ ಕಾಳಿನಂತೆ ಎದ್ದು ಬಂತು. ಬೋರ್ಡು ಕೂರಿಸಿ, ತಿರುಪು ಬಿಗಿದು, ಹೊಸ ಪವರ್ ಸಪ್ಲೈಯದೇ ತಂತಿಯನ್ನು ಚೀಲದಿಂದ ತೆಗೆದು ಮೊದಲು ಅಳೆದೆ. ಐದು ಇರುವಲ್ಲಿ ಐದು, ಹನ್ನೆರಡು ಇರುವಲ್ಲಿ ಹನ್ನೆರಡು. ಎರಡನ್ನೂ ಬರೆದರು. ರೈಟ್. ಸಿಕ್ಕಿಸಿದೆ. ರೈಟ್. ಒತ್ತಿದೆ.

ಡಿಸ್ಕು ತಿರುಗುವ ಸದ್ದು ಬಂತು. ಮಗಳು ಬಾಗಿಲಲ್ಲಿ ನಿಂತಿದ್ದಳು, ಡ್ಯೂಟಿಯ ಬಟ್ಟೆಯಲ್ಲೇ, ತಡವಾಗಿದ್ದರೂ ಹೋಗಿರಲಿಲ್ಲ.

ಈ ಸಲ ಆಟ ತೆರೆಯಲಿಲ್ಲ. ಒಂದೂವರೆ ತಾಸು ಮೂವರೂ ಪ್ರತಿಯ ಹಸಿರು ಪಟ್ಟಿ ತುಂಬುವುದನ್ನು ನೋಡಿದೆವು. ಕೊನೆಯಲ್ಲಿ ಒಂದು ಕಡತ ಓದಲಾಗುತ್ತಿಲ್ಲ ಎಂದಿತು. ಮೂರು ಸಲ ಪ್ರಯತ್ನಿಸಿದೆ, ಬರಲಿಲ್ಲ. ಅದು ಕುಷ್ಟಗಿ ದಾಟಿದ ಮೇಲೆ ಇಳಕಲ್ ತನಕದ ತುಂಡು. ಊರು ಮುಟ್ಟುವ ಕೊನೆಯ ದಾರಿ. ಡಿಸ್ಕಿನ ಹಳೆಯ ಗಾಯವೋ, ನಾನು ಕೊಟ್ಟ ಹನ್ನೆರಡು ವೋಲ್ಟೋ, ಹೇಳಲು ನನ್ನ ಬಳಿ ಸಾಕ್ಷ್ಯವಿಲ್ಲ. ಉಳಿದದ್ದೆಲ್ಲ ಬಂತು. ಇನ್ನೆರಡು ಕಡೆ ಪ್ರತಿ ಮಾಡಿ, ತೆರೆದು ನೋಡಿ, ಅದನ್ನೂ ಬರೆಸಿದೆ.

ಮಗಳು ಚೀಲ ಹೆಗಲಿಗೇರಿಸುತ್ತ ಕೇಳಿದಳು. “ಇನ್ನೊಬ್ರು ಕೇಳಿದ್ರೆ ಏನ್ ಹೇಳ್ತೀರಾ ಸರ್? ರೆಡೀನಾ, ಅಸೆಂಬಲ್ಲಾ?”

ಕೇಳಿದವರು ಯಾರು ಎಂದು ನೋಡಿ ಹೇಳುತ್ತೇನೆ ಎಂದೆ. ಜೋಡಿಸುವವನು ಯಾರು ಅಂತಾನೂ ನೋಡಿ ಎಂದು ಮೆಟ್ಟಿಲಿಳಿದಳು.

ಚಾಲಕರು ಅಷ್ಟರಲ್ಲಿ ದೋಷದ ಅಂಕಣದಲ್ಲಿ ಬರೆದಿದ್ದರು: ‘ಕುಷ್ಟಗಿ–ಇಳಕಲ್ ರಸ್ತೆ ಇಲ್ಲ.’ ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿ, ಸಹಿಯ ಅಂಕಣದಲ್ಲಿ ಬೆರಳಿಟ್ಟರು.

ಸರಿಯಾಗಿಲ್ಲವಲ್ಲ, ಸಹಿ ಹೇಗೆ ಹಾಕಲಿ ಎಂದೆ.

“ಸರಿ ಮಾಡೀನಿ ಅಂತಲ್ರಿ ಸರ. ಕೆಟ್ಟದ್ದು ನಾ ನೋಡೀನಿ ಅಂತ. ಆ ರಸ್ತೆ ನಾ ಮತ್ತ ಹಾಕ್ತೀನಿ. ನೀವು ಸಹಿ ಹಾಕ್ರಿ.”

ಹಾಕಿದೆ. ಅವರು ಸ್ಟಿಯರಿಂಗಿಗೆ ಕೂತರು. ನಾನು ಹಿಂದಿನ ಕುರ್ಚಿಯಲ್ಲಿ ಕೂತು, ಹಿರಿಯೂರು ದಾಟುವ ತನಕ ಫ್ಯಾನುಗಳ ಸದ್ದನ್ನೇ ಕೇಳಿಸಿಕೊಳ್ಳುತ್ತಿದ್ದೆ.

ಆ ಸಹಿಯನ್ನು ಅವರ ನೀಲಿ ಪೆನ್ನಿನಿಂದ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಈಗ ಆರನೇ ಪುಟದ ಫೋಟೊ ದೊಡ್ಡದು ಮಾಡಿ ನೋಡುತ್ತಿದ್ದೇನೆ. ಕೆಂಪು ಶಾಯಿಯಲ್ಲಿದೆ.